ನಿಮಗಿದು ಗೊತ್ತೇ? ನಿಮ್ಮ ಪಾಸ್‌ವರ್ಡ್ ವೆಬ್‌ಸೈಟಿಗೇ ಗೊತ್ತಿಲ್ಲ!

ಹೌದು, ಸರಿಯಾಗಿಯೇ ಓದಿದಿರಿ. ನೆಟ್ಟಗೆ ಕಟ್ಟಿದ ಯಾವ ವೆಬ್‌ಸೈಟೂ ನಿಮ್ಮ ಪಾಸ್‌ವರ್ಡನ್ನು ಬರೆದಿಡುವುದಿಲ್ಲ. ಅದನ್ನು ಒಂದು ಲೆಕ್ಕಕ್ಕೆ ಹಾಕಿ, ಕೊನೆಗೆ ಬರುವ ತಲೆಬುಡವಿಲ್ಲದ ಅಕ್ಷರಸಾಲನ್ನಷ್ಟೇ ಇಟ್ಟುಕೊಳ್ಳುತ್ತದೆ. ಅದರ ಹೆಸರು ಹ್ಯಾಶ್. ಹ್ಯಾಶಿನಿಂದ ಪಾಸ್‌ವರ್ಡಿಗೆ ಹಿಂದಿರುಗುವ ದಾರಿ ಇಲ್ಲ! ನೀವು ಲಾಗಿನ್ ಆದಾಗಲೆಲ್ಲ ಮತ್ತೆ ಲೆಕ್ಕ ಹಾಕುತ್ತದೆ, ಎರಡೂ ತಾಳೆಯಾದರೆ ಒಳಗೆ ಬಿಡುತ್ತದೆ. ‘ಪಾಸ್‌ವರ್ಡ್ ಮರೆತಿರಾ?’ ಒತ್ತಿದರೆ ಹಳೆಯದನ್ನು ಹೇಳದೆ ಹೊಸದನ್ನು ಕೇಳುವುದು ಇದಕ್ಕೇ. ಯಾವುದಾದರೂ ಸೈಟು ನಿಮ್ಮ ಹಳೇ ಪಾಸ್‌ವರ್ಡನ್ನೇ ಮೇಲ್‌ನಲ್ಲಿ ಕಳಿಸಿತೇ? ಅಲ್ಲಿಂದ ಕಾಲು ಕೀಳಿ!

ಕನ್ನಡದಲ್ಲೇ ಪಾಸ್‌ವರ್ಡ್ ಇಡುವ ಆಸೆಯೇ? ತಾಳಿ, ಇಲ್ಲೊಂದು ಮಜಾ ಇದೆ. ‘ಕೋಗಿಲೆ’ ಎಂದು ಬರೆದಿರಿ ಅನ್ನಿ. ಅದರ ‘ಓ’ ಸ್ವರದ ಗುರುತನ್ನು ಕಂಪ್ಯೂಟರಿನ ಅಕ್ಷರಸಂಕೇತಗಳ ಪಟ್ಟಿಯಾದ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಮೂರು ತುಂಡು ಮಾಡಿಯೂ ಬರೆಯಬಹುದು. ಎರಡೂ ಸರಿಯೇ. ಕಣ್ಣಿಗೆ ಎಳ್ಳಷ್ಟೂ ವ್ಯತ್ಯಾಸ ಕಾಣದು. ಹ್ಯಾಶ್ ಮಾತ್ರ ಪೂರ್ತಿ ಬೇರೆ! ಸೈಟು ಮೊದಲೇ ಎರಡನ್ನೂ ಒಂದು ರೂಪಕ್ಕೆ ತಂದುಕೊಳ್ಳದಿದ್ದರೆ, ಕಂಪ್ಯೂಟರಿನಲ್ಲಿ ಒಳಗೆ ಬಿಟ್ಟ ಕೋಗಿಲೆಯನ್ನು ಫೋನಿನಲ್ಲಿ ಹೊರಗೆ ಅಟ್ಟಬಹುದು.

ಅಷ್ಟಕ್ಕೇ ಮುಗಿಯಲಿಲ್ಲ. ಹ್ಯಾಶ್ ಮಾಡುವ ಒಂದು ಜನಪ್ರಿಯ ವಿಧಾನಕ್ಕೆ ಬಿಕ್ರಿಪ್ಟ್ ಎಂದು ಹೆಸರು. ಅದು ನೋಡುವುದು ಮೊದಲ 72 ಬೈಟ್‌ಗಳನ್ನು ಮಾತ್ರ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು. ಒತ್ತು, ಗುಡಿಸುಗಳಿಗೂ ಬೇರೆ ಬೇರೆ ಲೆಕ್ಕ. ‘ಕ್ಷಿ’ ಒಂದೇ ಅಕ್ಷರ 12 ಬೈಟ್ ನುಂಗುತ್ತದೆ! 24 ಸಂಕೇತ ದಾಟಿದ ಮೇಲೆ ನೀವು ಏನು ಬರೆದರೂ ಹಲವು ಕಡೆ ಅದನ್ನು ನೋಡುವವರೇ ಇಲ್ಲ.

ಈ 72ರ ಗಡಿ ಒಮ್ಮೆ ದೊಡ್ಡ ಎಡವಟ್ಟನ್ನೇ ಮಾಡಿತು. ಒಕ್ಟಾ ಗೊತ್ತಲ್ಲ, ಬೇರೆ ಕಂಪನಿಗಳಿಗೆ ಲಾಗಿನ್ ವ್ಯವಸ್ಥೆ ಒದಗಿಸುವುದೇ ಅದರ ಕಸುಬು. ಅದರ ಒಂದು ಭಾಗದಲ್ಲಿ ಬಳಕೆದಾರರ ಗುರುತು, ಹೆಸರು, ಪಾಸ್‌ವರ್ಡ್ ಮೂರನ್ನೂ ಸಾಲಾಗಿ ಜೋಡಿಸಿ ಬಿಕ್ರಿಪ್ಟ್‌ಗೆ ಕೊಡುತ್ತಿದ್ದರು. ಹೆಸರೇ 52 ಅಕ್ಷರ ಅಥವಾ ಅದಕ್ಕಿಂತ ಉದ್ದವಿದ್ದರೆ? ಪಾಸ್‌ವರ್ಡಿಗೆ ಜಾಗವೇ ಉಳಿಯದು! ಕೆಲವು ಸಂದರ್ಭಗಳಲ್ಲಿ ಪಾಸ್‌ವರ್ಡ್ ಇಲ್ಲದೆಯೂ ಒಳಹೋಗಬಹುದಿತ್ತು ಎಂದು 2024ರ ಅಕ್ಟೋಬರಿನಲ್ಲಿ ಕಂಪನಿಯೇ ಒಪ್ಪಿಕೊಂಡು ದೋಷ ಸರಿಪಡಿಸಿತು. ಉದ್ದನೆಯ ಹೆಸರಿನವರಿಗೆ ಕೊನೆಗೂ ಒಂದು ಲಾಭ!

ವೆಬ್‌ಗೆ ನೆನಪಿನ ಶಕ್ತಿಯೇ ಇಲ್ಲ, ಗೊತ್ತೇ? ಒಂದು ಪುಟದಿಂದ ಇನ್ನೊಂದಕ್ಕೆ ಹೋದರೆ ಸರ್ವರಿಗೆ ನೀವು ಅಪರಿಚಿತರು. ಅದಕ್ಕೇ ಲಾಗಿನ್ ಆದ ಕೂಡಲೇ ನಿಮ್ಮ ಬ್ರೌಸರಿಗೆ ಒಂದು ಕುಕ್ಕಿ ಕೊಡುತ್ತದೆ. ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್ನಿನ ಹಾಗೆ. ಟೋಕನ್ ಕಳೆದರೆ ನೀವು ಯಾರೋ!

ಈ ಕುಕ್ಕಿಯನ್ನು 1994ರಲ್ಲಿ ಹುಟ್ಟಿಸಿದವರು ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ. ಅದರ ಮೊದಲ ಕೆಲಸ ಏನಿತ್ತು ಹೇಳಿ? ಲಾಗಿನ್ ಅಲ್ಲ. ನೆಟ್‌ಸ್ಕೇಪ್ ಸೈಟಿಗೆ ಬಂದವರು ಮೊದಲೇ ಬಂದು ಹೋದವರೋ ಹೊಸಬರೋ ಎಂದು ನೋಡುವುದು. ಬಂದವರನ್ನು ಎಣಿಸುವ ಚಪಲ ಕುಕ್ಕಿಯ ಜೊತೆಗೇ ಹುಟ್ಟಿದ್ದು!

ನಿಮ್ಮದೇ ವರ್ಡ್‌ಪ್ರೆಸ್ ಬ್ಲಾಗ್ ನಿಮ್ಮನ್ನೇ ಹೊರಗೆ ಹಾಕಿದೆಯೇ? ಕಾರಣ ಒಂದು ಖಾಲಿ ಸಾಲೂ ಇರಬಹುದು! ಕುಕ್ಕಿ ಯಾವಾಗಲೂ ಪುಟದ ವಿಷಯಕ್ಕಿಂತ ಮೊದಲು ಹೊರಡಬೇಕು. ಸೆಟ್ಟಿಂಗ್ ಫೈಲಿನ ತಲೆಯ ಮೇಲೆ ಬೆರಳು ತಗುಲಿ ಒಂದು ಖಾಲಿ ಜಾಗ ಬಿದ್ದರೂ ಅದೇ ‘ವಿಷಯ’ ಎಂದು ಮೊದಲು ಹೊರಟುಬಿಡುತ್ತದೆ. ಕುಕ್ಕಿಗೆ ಬಸ್ ತಪ್ಪುತ್ತದೆ. ಪಾಸ್‌ವರ್ಡ್ ನೂರಕ್ಕೆ ನೂರು ಸರಿ, ಆದರೂ ಲಾಗಿನ್ ಆಗದು. ಖಾಲಿ ಜಾಗ ಅಳಿಸಿದರೆ ಸರಿಹೋಯಿತು!

ಬ್ಲಾಗಿಗೆ ಜೋಡಿಸಿದ ಪ್ಲಗಿನ್ ಯಾವುದೋ ತರಲೆ ಮಾಡುತ್ತಿದೆಯೇ? ಲಾಗಿನ್ ಆಗದೆಯೇ ಎಲ್ಲವನ್ನೂ ಮಲಗಿಸಬಹುದು. ಸರ್ವರಿನಲ್ಲಿ ಪ್ಲಗಿನ್‌ಗಳ ಫೋಲ್ಡರಿನ ಹೆಸರು ಬದಲಿಸಿ, ಸಾಕು. ವರ್ಡ್‌ಪ್ರೆಸ್‌ಗೆ ಅವು ಸಿಗುವುದೇ ಇಲ್ಲ!

ಅಂದಹಾಗೆ, ವರ್ಡ್‌ಪ್ರೆಸ್‌ನ ಲಾಗಿನ್ ಪುಟದಲ್ಲಿ ‘ನನ್ನನ್ನು ನೆನಪಿಡಿ’ ಎಂಬ ಡಬ್ಬಿಗೆ ಟಿಕ್ ಹಾಕಿದರೆ ನೆನಪು 14 ದಿನ. ಹಾಕದಿದ್ದರೆ ಹೆಚ್ಚೆಂದರೆ ಎರಡು ದಿನ.

ಫೋನಿನಲ್ಲಿ ಆರಂಕಿಯ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ನೋಡಿದ್ದೀರಲ್ಲ? 30 ಸೆಕೆಂಡಿಗೊಮ್ಮೆ ಅಂಕಿ ಬದಲಾಗುತ್ತದೆ. ಯಾರು ಕಳಿಸುತ್ತಾರೆ? ಯಾರೂ ಇಲ್ಲ! ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ ನೋಡಿ, ಅಂಕಿ ಬದಲಾಗುತ್ತಲೇ ಇರುತ್ತದೆ. ಮೊದಲೇ ಹಂಚಿಕೊಂಡ ಒಂದು ಗುಟ್ಟನ್ನೂ ಈಗಿನ ಸಮಯವನ್ನೂ ಸೇರಿಸಿ ಫೋನು, ಸರ್ವರು ಎರಡೂ ತಮ್ಮ ತಮ್ಮಲ್ಲೇ ಲೆಕ್ಕ ಮಾಡಿಕೊಳ್ಳುತ್ತವೆ. ಹಾಗಾಗಿ ಫೋನಿನ ಗಡಿಯಾರ ಕೆಲವು ನಿಮಿಷ ಆಚೀಚೆಯಾದರೆ ಕೋಡ್ ತಪ್ಪು!

ಗಡಿಯಾರದ ಆಟ ಇನ್ನೂ ಇದೆ. 2021ರ ಸೆಪ್ಟೆಂಬರ್ 30ರಂದು ಹಳೆಯ ಫೋನು, ಕಂಪ್ಯೂಟರುಗಳಲ್ಲಿ ಎಷ್ಟೋ ಸೈಟುಗಳು ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಕಾಣತೊಡಗಿತು. ಯಾರೂ ದಾಳಿ ಮಾಡಿರಲಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಸೈಟುಗಳಿಗೆ ಕೊಡುವ ಪ್ರಮಾಣಪತ್ರಗಳು ನೆಚ್ಚಿಕೊಂಡಿದ್ದ ಒಂದು ಹಳೆಯ ಮೂಲಪತ್ರದ ಅವಧಿ ಅಂದು ಮುಗಿದಿತ್ತು, ಅಷ್ಟೇ!

ಈಗ ನಿಮ್ಮ ಬ್ಲಾಗಿಗೆ ಹೆಸರು ನೋಂದಾಯಿಸುವವರ ಕಡೆ ಬರೋಣ. ಬೆಳಗಾಗುವಷ್ಟರಲ್ಲಿ ಚಂದಾದಾರರು ದಿಢೀರನೆ ಏರಿದರೆ ಸಿಹಿ ಹಂಚಬೇಡಿ. ರೋಬೋಗಳಿರಬಹುದು! ಅವನ್ನು ಹಿಡಿಯುವ ಒಂದು ಉಪಾಯ ಕೇಳಿದರೆ ನಗುತ್ತೀರಿ. ಫಾರಂನಲ್ಲಿ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಇಡುತ್ತಾರೆ. ಮನುಷ್ಯರಿಗೆ ಅದು ಕಾಣದು, ಬಿಟ್ಟುಬಿಡುತ್ತಾರೆ. ರೋಬೋ ಎಲ್ಲವನ್ನೂ ಶ್ರದ್ಧೆಯಿಂದ ತುಂಬುತ್ತದೆ. ತುಂಬಿತೋ, ಸಿಕ್ಕಿಬಿತ್ತು! ಅತಿ ಶಿಸ್ತೂ ಅಪಾಯ ನೋಡಿ. ಒಂದೊಂದು ಸಲ ನಮ್ಮ ಬ್ರೌಸರೇ ಆ ಗುಪ್ತ ಜಾಗವನ್ನೂ ತುಂಬಿ, ಪಾಪದ ಮನುಷ್ಯರನ್ನು ರೋಬೋ ಮಾಡುವುದುಂಟು.

‘ನಾನು ರೋಬೋ ಅಲ್ಲ’ ಎಂದು ಸಾಬೀತು ಮಾಡಲು ಒಂದು ಕಾಲದಲ್ಲಿ ಸೊಟ್ಟ ಸೊಟ್ಟ ಪದಗಳನ್ನು ಓದಿ ಬರೆಯಬೇಕಿತ್ತಲ್ಲ? 2007ರಲ್ಲಿ ಬಂದ ರೀಕ್ಯಾಪ್ಚಾದಲ್ಲಿ ಎರಡು ಪದ ಇರುತ್ತಿದ್ದವು. ಒಂದು ಪರೀಕ್ಷೆಗೆ. ಇನ್ನೊಂದು ಏನೆಂದು ಕಂಪ್ಯೂಟರಿಗೂ ಗೊತ್ತಿರುತ್ತಿರಲಿಲ್ಲ! ಸ್ಕ್ಯಾನ್ ಮಾಡಿದ ಹಳೆಯ ಪುಟಗಳಲ್ಲಿ ಯಂತ್ರ ಓದಲಾರದೆ ಬಿಟ್ಟ ಪದ ಅದು. ನ್ಯೂಯಾರ್ಕ್ ಟೈಮ್ಸ್‌ನ ಹಳೇ ಸಂಚಿಕೆಗಳನ್ನು ಹೀಗೆ ಓದಿಸಿಕೊಂಡರು. ಬಿಟ್ಟಿಯಾಗಿ ದುಡಿದವರು ನಾವು!

ಜಿಮೇಲ್ ವಿಳಾಸದ ಚುಕ್ಕಿಗಳಿಗೆ ಬೆಲೆಯೇ ಇಲ್ಲ, ಗೊತ್ತೇ? ಎಲ್ಲಿ ಬೇಕಾದರೂ ಇಡಿ, ಪತ್ರ ಅದೇ ಡಬ್ಬಿಗೆ. ನಿಮ್ಮ ಬ್ಲಾಗಿನ ಪಟ್ಟಿಯಲ್ಲಿ ಮಾತ್ರ ಒಬ್ಬರೇ ನಾಲ್ವರಾಗಿ ಕೂತಿರಬಹುದು! ವಿಳಾಸದಲ್ಲಿ ನಿಮ್ಮ ಹೆಸರಾದ ಮೇಲೆ ಕೂಡುವ ಚಿಹ್ನೆ ಹಾಕಿ ‘ಅಡುಗೆ’ ಅಂತಲೋ ‘ಪ್ರವಾಸ’ ಅಂತಲೋ ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ಒಂದೊಂದು ಸೈಟಿಗೆ ಒಂದೊಂದು ವಿಳಾಸ ಕೊಡಿ. ನಾಳೆ ಬೇಡದ ಜಾಹೀರಾತು ಬಂದರೆ ವಿಳಾಸ ಮಾರಿದವರು ಯಾರೆಂದು ಸುಳಿವು ಸಿಗುತ್ತದೆ.

ನಿಮ್ಮ ಸುದ್ದಿಪತ್ರವನ್ನು ಎಷ್ಟು ಜನ ತೆರೆದರು ಎಂದು ಹೇಗೆ ತಿಳಿಯುತ್ತದೆ? ಮೇಲ್‌ನೊಳಗೆ ಒಂದೇ ಒಂದು ಪಿಕ್ಸೆಲ್ ಗಾತ್ರದ, ಬಣ್ಣವೇ ಇಲ್ಲದ ಚಿತ್ರ ಇಟ್ಟಿರುತ್ತಾರೆ. ಅದು ಲೋಡ್ ಆದರೆ ‘ತೆರೆದರು’ ಎಂದು ಲೆಕ್ಕ. 2021ರಲ್ಲಿ ಆ್ಯಪಲ್ ತನ್ನ ಮೇಲ್ ಆ್ಯಪಿನಲ್ಲಿ, ಬಳಕೆದಾರರು ಒಪ್ಪಿದರೆ, ಚಿತ್ರಗಳನ್ನೆಲ್ಲ ತಾನೇ ಮೊದಲು ಇಳಿಸಿಕೊಳ್ಳತೊಡಗಿತು. ಓದದವರೂ ಓದಿದವರ ಪಟ್ಟಿಗೆ ಬಂದರು!

ಮೇಲ್‌ನಲ್ಲಿ ಬಂದ ದೃಢೀಕರಣದ ಕೊಂಡಿ ಒತ್ತಿದಾಗ ‘ಈ ಕೊಂಡಿ ಈಗಾಗಲೇ ಬಳಕೆಯಾಗಿದೆ’ ಎಂಬ ಉತ್ತರ ಕಂಡು ತಲೆ ಕೆರೆದುಕೊಂಡಿದ್ದೀರಾ? ಅದಕ್ಕೆ ಮೊದಲು ನೀವಂತೂ ಒತ್ತಿಯೇ ಇಲ್ಲ. ಮತ್ತೆ ಯಾರು? ಕೆಲವು ಆಫೀಸುಗಳ ಮೇಲ್ ಕಾವಲು ತಂತ್ರಾಂಶ! ಅಪಾಯ ಇದೆಯೇ ಎಂದು ಅದು ನಿಮಗಿಂತ ಮೊದಲು ಕೊಂಡಿ ತೆರೆದು ನೋಡುತ್ತದೆ. ಒಂದೇ ಸಲಕ್ಕೆಂದು ಕೊಟ್ಟ ಕೊಂಡಿ ಅಲ್ಲಿಗೇ ಖರ್ಚಾಯಿತು.

ಪಾಸ್‌ವರ್ಡ್ ಕದಿಯುವುದು ಹೊಸ ಚಾಳಿ ಅಂದುಕೊಂಡಿರಾ? ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ತಂಡ ಕಟ್ಟಿದ ಕಂಪ್ಯೂಟರ್ ವ್ಯವಸ್ಥೆಗೆ 1960ರ ದಶಕದ ಆರಂಭದಲ್ಲೇ ಪಾಸ್‌ವರ್ಡ್ ಬಂತು. 1962ರಲ್ಲೇ ಕಳುವೂ ಆಯಿತು! ಕದ್ದವರು ಸಂಶೋಧನಾ ವಿದ್ಯಾರ್ಥಿ ಆಲನ್ ಶೆರ್. ತಮಗೆ ಕೊಟ್ಟ ಕಂಪ್ಯೂಟರ್ ಸಮಯ ಸಾಲದೆ, ಪಾಸ್‌ವರ್ಡ್ ಫೈಲನ್ನೇ ಮುದ್ರಿಸುವಂತೆ ಕಾರ್ಡ್ ತೂತು ಮಾಡಿ ಹಾಕಿದರು. ಯಂತ್ರ ವಿಧೇಯವಾಗಿ ಮುದ್ರಿಸಿಕೊಟ್ಟಿತು!

1966ರಲ್ಲಿ ಅದೇ ವ್ಯವಸ್ಥೆ ಇನ್ನೂ ಉದಾರವಾಯಿತು. ಲಾಗಿನ್ ಆದವರಿಗೆ ಕಾಣಬೇಕಾದ ದಿನದ ಸಂದೇಶವೂ ಪಾಸ್‌ವರ್ಡ್ ಫೈಲೂ ಅದಲುಬದಲಾದವು. ಬಂದ ಬಂದವರಿಗೆಲ್ಲ ಎಲ್ಲರ ಪಾಸ್‌ವರ್ಡ್ ದರ್ಶನ!

ಮತ್ತೆ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಕಟ್ಟಿದ ಮಹಾರಥಿಗಳು? ಅವರ ಹಳೇ ಹ್ಯಾಶ್‌ಗಳಿದ್ದ ಫೈಲೊಂದು ಉಳಿದಿತ್ತು, ಕುತೂಹಲಿಗಳು ಊಹೆಗಳನ್ನು ಹ್ಯಾಶ್ ಮಾಡಿ ತಾಳೆ ನೋಡುತ್ತ ಒಂದೊಂದಾಗಿ ಒಡೆದರು. ಬ್ರಯಾನ್ ಕೆರ್ನಿಘನ್ ಕೀಬೋರ್ಡಿನ ಮೂಲೆಯ ಅಕ್ಕಪಕ್ಕದ ಮೂರು ಕೀಲಿಗಳನ್ನು ಎರಡು ಸಲ ಒತ್ತಿದ್ದರು. ಸ್ಟೀಫನ್ ಬೋರ್ನ್ ತಮ್ಮ ಮನೆತನದ ಹೆಸರನ್ನೇ ಇಟ್ಟಿದ್ದರು! ಬಹಳ ಸತಾಯಿಸಿದ್ದು ಕೆನ್ ಥಾಮ್ಸನ್ ಅವರದು. 2019ರಲ್ಲಿ ನಾಲ್ಕು ದಿನಕ್ಕೂ ಹೆಚ್ಚು ಹೊತ್ತು ಯಂತ್ರ ಓಡಿಸಿದ ಮೇಲೆ ಅದೂ ಬಿತ್ತು. ಏನಿತ್ತು ಗೊತ್ತೇ? ಚದುರಂಗದ ಆರಂಭದ ನಡೆ! ರಾಣಿಯ ಮುಂದಿನ ಕಾಲಾಳು ಎರಡು ಮನೆ ಮುಂದಕ್ಕೆ. ಸುದ್ದಿ ತಿಳಿದ ಥಾಮ್ಸನ್ ಬರೆದ ಉತ್ತರ ಒಂದೇ ಪದ: ಅಭಿನಂದನೆ.