ಎಂಜಿನ್ ಕೆಲಸ ಮಾಡಿಸಿದರೂ ಹಳೇ ಟ್ರ್ಯಾಕ್ಟರ್‌ನಲ್ಲಿ ಆಯಿಲ್ ಸೋರಿಕೆಯೇ? ಮತ್ತೆ ಬಿಚ್ಚಿಸುವ ಮುನ್ನ ಹೀಗೆ ಪರೀಕ್ಷಿಸಿ

ಪುಣೆ: ದೀಪಾವಳಿ ಆಸುಪಾಸಿನಲ್ಲಿ ಪುಣೆ ಜಿಲ್ಲೆಯ ಬಾರಾಮತಿ, ಇಂದಾಪುರ, ದೌಂಡ್ ಭಾಗದಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾಗುತ್ತದೆ. ಟ್ರಾಲಿ ಎಳೆಯುವ ಟ್ರ್ಯಾಕ್ಟರ್‌ಗಳ ರಿಪೇರಿ ಅದಕ್ಕೂ ಮೊದಲೇ ಮುಗಿಯಬೇಕು. ಬೆಳಗಾವಿ, ಬಾಗಲಕೋಟೆ, ಮಂಡ್ಯದ ರೈತರಿಗೂ ಈ ಗಡಿಬಿಡಿ ಹೊಸದಲ್ಲ.

ಮಹೀಂದ್ರಾ ಬಿ-275, ಮ್ಯಾಸ್ಸಿ 1035, ಎಚ್‌ಎಂಟಿ ಜೀಟರ್‌ನಂಥ ಹಳೇ ಗಾಡಿಗಳಿಗೆ ಸಾವಿರಾರು ರೂಪಾಯಿ ಸುರಿದು ಎಂಜಿನ್ ಕೆಲಸ ಮಾಡಿಸಿದ ಮೇಲೂ ಒಂದು ತಲೆನೋವು ಉಳಿಯುವುದುಂಟು. ಬೆಳಗ್ಗೆ ಎದ್ದು ನೋಡಿದರೆ ಗಾಡಿಯ ಕೆಳಗೆ ಆಯಿಲ್ ಕಲೆ! ಆಗ ‘ಸೀಲ್ ಹೋಗಿದೆ, ಗಾಡಿ ಬಿಚ್ಚಬೇಕು’ ಎಂಬ ಮಾತು ಬರುತ್ತದೆ. ಆದರೆ ಎಲ್ಲ ಸೋರಿಕೆಗೂ ಎಂಜಿನ್ ಬಿಚ್ಚಬೇಕಿಲ್ಲ. ಮೊದಲು ಮೂಲ ಹುಡುಕಿದರೆ ಎರಡನೇ ಸಲದ ಕೂಲಿ ಉಳಿಯಬಹುದು.

ಬಿದ್ದ ಜಾಗವೇ ಸೋರುವ ಜಾಗವಲ್ಲ

ಆಯಿಲ್ ಕೆಳಕ್ಕೆ ಹರಿಯುತ್ತದೆ, ಫ್ಯಾನ್ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಎಂಜಿನ್ ಮೇಲಿನ ಟ್ಯಾಪೆಟ್ ಕವರ್‌ನಿಂದ ಸೋರಿದ ಆಯಿಲ್ ಹಿಂಬದಿಯ ಹೌಸಿಂಗ್ ಕೆಳಗೆ ಹನಿಯಬಹುದು. ಹಾಗಾಗಿ ಎಂಜಿನ್ ತಣ್ಣಗಿರುವಾಗ ಎಲ್ಲ ಭಾಗವನ್ನೂ ತೊಳೆದು ಚೆನ್ನಾಗಿ ಒಣಗಿಸಿ. ಅನುಮಾನವಿರುವ ಜೋಡಣೆಗಳ ಮೇಲೆ ಟಾಲ್ಕಂ ಪೌಡರ್ ಉದುರಿಸಿ. 10-15 ನಿಮಿಷ ಎಂಜಿನ್ ಓಡಿಸಿ, ನಿಲ್ಲಿಸಿ, ಟಾರ್ಚ್ ಹಾಕಿ ನೋಡಿ. ಪೌಡರ್ ಒದ್ದೆಯಾಗಿರುವ ಅತ್ಯಂತ ಮೇಲಿನ ಜಾಗದಿಂದಲೇ ಹುಡುಕಾಟ ಶುರುವಾಗಬೇಕು. ಚಾಲೂ ಇರುವ ಟ್ರ್ಯಾಕ್ಟರ್ ಕೆಳಗೆ ಮಾತ್ರ ಯಾರೂ ನುಗ್ಗಬಾರದು.

ಯಾವ ಆಯಿಲ್ ಎಂದು ತಿಳಿಯಿರಿ

ರಾತ್ರಿ ಗಾಡಿ ಕೆಳಗೆ ದೊಡ್ಡ ರಟ್ಟು ಹಾಸಿ. ಗೇರ್ ಆಯಿಲ್ ಮಂದವಾಗಿದ್ದು ಸಾಮಾನ್ಯವಾಗಿ ಗಂಧಕದ ಘಾಟು ವಾಸನೆ ಹೊಂದಿರುತ್ತದೆ. ಡೀಸೆಲ್ ತೆಳ್ಳಗೆ ಹರಡುತ್ತದೆ. ಎಂಜಿನ್ ಆಯಿಲ್ ಓಡಿದಂತೆಲ್ಲ ಕಪ್ಪಾಗುತ್ತದೆ. ಆದರೆ ಹೊಸದಾಗಿ ತುಂಬಿಸಿದ್ದರೆ ಮೊದಲ ಕೆಲವು ಗಂಟೆ ಜೇನಿನ ಬಣ್ಣದಲ್ಲೇ ಇರುತ್ತದೆ. ಬಣ್ಣವೊಂದನ್ನೇ ನಂಬಬೇಡಿ, ವಾಸನೆಯನ್ನೂ ಗಮನಿಸಿ.

ಮೊದಲ ಅನುಮಾನ ಬ್ರೀದರ್ ಮೇಲಿರಲಿ

ಎಂಜಿನ್ ಒಳಗಿನ ಒತ್ತಡ ಹೊರಹೋಗುವ ಚಿಕ್ಕ ದಾರಿಯೇ ಬ್ರೀದರ್. ಅದು ಕಸ, ಜಿಡ್ಡಿನಿಂದ ಕಟ್ಟಿಕೊಂಡರೆ ಒತ್ತಡವು ಸೀಲ್, ಪ್ಯಾಕಿಂಗ್‌ಗಳ ಮೂಲಕ ಆಯಿಲ್ ತಳ್ಳುತ್ತದೆ. ಹಲವು ಕಡೆ ಒಟ್ಟಿಗೆ ಸೋರುತ್ತಿದ್ದರೆ ಮೊದಲು ಇದನ್ನೇ ಸ್ವಚ್ಛಗೊಳಿಸಿ.

ಬ್ರೀದರ್ ಸ್ವಚ್ಛವಿದ್ದೂ ಅದರಿಂದ ಹೊಗೆ ಜೋರಾಗಿ ಬಂದರೆ ಅದು ಮೆಕ್ಯಾನಿಕ್‌ಗಳು ಹೇಳುವ ‘ಬ್ಯಾಕ್ ಕಂಪ್ರೆಷನ್’. ಹೊಸ ರಿಂಗ್‌ಗಳು ಲೈನರ್‌ಗೆ ಇನ್ನೂ ಹೊಂದಿಕೊಂಡಿರದಿದ್ದರೆ ಹೀಗಾಗುತ್ತದೆ. ಹೊಸ ಎಂಜಿನ್ ಎಂದು ಗಂಟೆಗಟ್ಟಲೆ ಐಡಲ್‌ನಲ್ಲೇ ಬಿಟ್ಟರೆ ಲೈನರ್ ಗಾಜಿನಂತೆ ನುಣುಪಾಗಿ ರಿಂಗ್ ಕೂರುವುದೇ ಇಲ್ಲ. ಸೈಲೆನ್ಸರ್ ಜೋಡಣೆಯಲ್ಲಿ ಕಪ್ಪು ಜಿಡ್ಡು ಒಸರುವುದಕ್ಕೂ ಇದೇ ಕಾರಣವಿರಬಹುದು. ಹದವಾದ ಲೋಡ್‌ನಲ್ಲಿ ಓಡಿಸುವುದೇ ಸರಿ.

ಹೌಸಿಂಗ್ ತೂತು ಹೇಳುವ ಸತ್ಯ

ಹಲವು ಹಳೇ ಟ್ರ್ಯಾಕ್ಟರ್‌ಗಳ ಕ್ಲಚ್ ಹೌಸಿಂಗ್ ಕೆಳಗೆ ಪಿನ್ ತೂಗುವ ಚಿಕ್ಕ ತೂತಿರುತ್ತದೆ. ಅಲ್ಲಿ ಎಂಜಿನ್ ಆಯಿಲ್ ಬಂದರೆ ಕ್ರ್ಯಾಂಕ್‌ನ ಹಿಂದಿನ ಸೀಲ್ ಮೇಲೆ ಅನುಮಾನ. ಗೇರ್ ಆಯಿಲ್ ಬಂದರೆ ಗೇರ್‌ಬಾಕ್ಸ್ ಮುಂದಿನ ಸೀಲ್ ಮೇಲೆ. ಆ ತೂತನ್ನು ಮುಚ್ಚಿದರೆ ಸೋರಿಕೆ ನಿಲ್ಲುವುದಿಲ್ಲ. ಆಯಿಲ್ ಒಳಗೇ ತುಂಬಿ ಕ್ಲಚ್ ಪ್ಲೇಟ್ ಹಾಳಾಗುತ್ತದೆ, ಅಷ್ಟೇ.

ಸೀಲ್ ಹೊಸದು, ಶಾಫ್ಟ್ ಹಳೇದು

ಹಳೇ ಸೀಲ್ ಉಜ್ಜಿದ ಜಾಗದಲ್ಲಿ ಶಾಫ್ಟ್ ಮೇಲೆ ಗೆರೆ ಬಿದ್ದಿರುತ್ತದೆ. ಉಗುರು ಆಡಿಸಿದಾಗ ಅದು ಸಿಕ್ಕಿಕೊಂಡರೆ ಎಂಥ ಹೊಸ ಸೀಲ್ ಹಾಕಿದರೂ ನಿಲ್ಲದು. ಶಾಫ್ಟ್‌ಗೆ ತೆಳು ಸ್ಲೀವ್ ಹಾಕಿಸಬೇಕು, ಇಲ್ಲವೇ ಸೀಲ್ ಗೆರೆ ಬಿಟ್ಟು ಸ್ವಲ್ಪ ಪಕ್ಕಕ್ಕೆ ಕೂರುವಂತೆ ನೋಡಬೇಕು. ಬಿಡಿಭಾಗಗಳ ಅಂಗಡಿಗೆ ಹೋಗುವಾಗ ಹಳೇ ಸೀಲ್ ಕೈಯಲ್ಲಿರಲಿ. ಒಳ ಅಳತೆ, ಹೊರ ಅಳತೆ, ದಪ್ಪ ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚಾಗಿರುತ್ತವೆ.

ಪ್ಯಾಕಿಂಗ್ ಸೋರುತ್ತಿದ್ದರೆ ಬೋಲ್ಟ್‌ಗಳನ್ನು ಬಲವಾಗಿ ತಿರುಗಿಸುವುದೂ ತಪ್ಪೇ. ತಗಡಿನ ಆಯಿಲ್ ಚೇಂಬರ್ ಸೊಟ್ಟಗಾಗಿ ಸೋರಿಕೆ ಹೆಚ್ಚುತ್ತದೆ. ಅತಿಯಾಗಿ ಬಳಿದ ಗಮ್ ಒಳಗೆ ಉದುರಿ ಆಯಿಲ್ ಸ್ಟ್ರೈನರ್ ಕಟ್ಟಬಹುದು.

ಈ ಮೂರಕ್ಕೆ ತಡ ಬೇಡ

* ಹಿಂದಿನ ಚಕ್ರದ ಒಳಬದಿ ಒದ್ದೆ: ಆಕ್ಸಲ್ ಸೀಲ್‌ನಿಂದ ಬಂದ ಆಯಿಲ್ ಬ್ರೇಕ್ ಲೈನಿಂಗ್‌ಗೆ ತಗುಲಿದರೆ, ಕಬ್ಬು ತುಂಬಿದ ಟ್ರಾಲಿ ಇಳಿಜಾರಿನಲ್ಲಿ ನಿಲ್ಲುವುದಿಲ್ಲ.

* ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿಕೆ: ಫೀಡ್ ಪಂಪ್ ಅಥವಾ ಡೀಸೆಲ್ ಪಂಪ್‌ನಿಂದ ಡೀಸೆಲ್ ಬೆರೆಯುತ್ತಿರಬಹುದು. ಆಯಿಲ್ ತೆಳ್ಳಗಾದರೆ ಹೊಸ ಬೇರಿಂಗ್‌ಗಳೂ ಸವೆಯುತ್ತವೆ.

* ಆಯಿಲ್ ಹಾಲು ಬೆರೆತ ಚಹಾದಂತೆ ಕಂಡರೆ: ನೀರು ಸೇರಿದೆ. ಹೆಡ್ ಪ್ಯಾಕಿಂಗ್ ಅಥವಾ ಲೈನರ್ ರಿಂಗ್ ನೋಡಿಸುವವರೆಗೆ ಎಂಜಿನ್ ಚಾಲೂ ಮಾಡಬೇಡಿ.

ಹಳೇ ಎಂಜಿನ್‌ನಲ್ಲಿ ಜೋಡಣೆ ಸ್ವಲ್ಪ ಒದ್ದೆಯಾಗಿ ಕಂಡರೆ ಗಾಬರಿ ಬೇಡ. ದಿನವೂ ಡಿಪ್‌ಸ್ಟಿಕ್ ನೋಡಿ ಮಟ್ಟ ಬರೆದಿಡಿ. ಮಟ್ಟ ಇಳಿಯದಿದ್ದರೆ ಹಂಗಾಮು ಮುಗಿಯುವವರೆಗೆ ಕಾಯಬಹುದು. ಇಳಿಯುತ್ತಿದ್ದರೆ ಆ ಬರಹವನ್ನೇ ಮೆಕ್ಯಾನಿಕ್‌ಗೆ ತೋರಿಸಿ. ಎಲ್ಲಿ ಬಿಚ್ಚಬೇಕು, ಎಲ್ಲಿ ಬೇಡ ಎಂದು ತೀರ್ಮಾನಿಸಲು ಅದು ನೆರವಾಗುತ್ತದೆ.