ಸೂಜಿಗಲ್ಲು ಸೋಲುವ ಬಿಸಿ

ಉಕ್ಕನ್ನು ಕಾಯಿಸಿ ಹದಗೊಳಿಸುವ ಪೀಣ್ಯದ ಶೆಡ್ಡೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ತರಗತಿಯಲ್ಲಿ ಒಮ್ಮೆಯೂ ಬಾಯಿ ತೆರೆಯದಿದ್ದವನು. ಕಳೆದ ಬೇಸಗೆಯಲ್ಲಿ ಆತನು ಕುಲುಮೆಯಿಂದ ಕೆಂಪಗೆ ಕಾದ ಸಲಾಕೆಯೊಂದನ್ನು ಹೊರತೆಗೆದು, ತಂತಿಗೆ ಕಟ್ಟಿದ ಸೂಜಿಗಲ್ಲನ್ನು ಅದರ ಬಳಿ ಹಿಡಿದನು. ಕಲ್ಲು ಅಲುಗಲಿಲ್ಲ. ಸಲಾಕೆಯ ಕೆಂಪು ಮಾಸುತ್ತ ಬಂದಾಗ ಟಕ್ಕನೆ ಹೋಗಿ ಅಂಟಿಕೊಂಡಿತು.

“ಸುಮಾರು 770 ಡಿಗ್ರಿ ದಾಟಿದರೆ ಕಬ್ಬಿಣ ಸೂಜಿಗಲ್ಲಿಗೆ ಒಲಿಯುವುದಿಲ್ಲ. ಅದೇಕೆ, ಮೇಷ್ಟ್ರೇ?”

ಹಳಗನ್ನಡ ಪಾಠ ಹೇಳುವ ನಾನು ನಿರುತ್ತರನಾದೆ. ಉತ್ತರವನ್ನು ಅರಸುತ್ತ ಹೊರಟವನು ವಿಶ್ವದ ಶೈಶವಕ್ಕೇ ಹೋಗಿ ಮುಟ್ಟಿದೆನೆಂದರೆ ವಾಚಕರು ನಗಬಾರದು.

ಕಬ್ಬಿಣದ ಪ್ರತಿ ಪರಮಾಣುವೂ ಒಂದು ಕಿರು ಸೂಜಿಗಲ್ಲು. ಅತಿ ಬಿಸಿಯಲ್ಲಿ ಅವು ದಿಕ್ಕಿಗೊಂದರಂತೆ ತಿರುಗಿರುತ್ತವೆ. ಯಾವ ದಿಕ್ಕಿಗೂ ಹೆಚ್ಚುಗಾರಿಕೆಯಿಲ್ಲ. ಅದೇ ಸಮತೆ. ಆರಿದಾಗ ಗುಂಪುಗುಂಪಾಗಿ ಒಂದೊಂದು ದಿಕ್ಕಿಗೆ ಒಲಿಯುತ್ತವೆ, ಸಮತೆ ಮುರಿಯುತ್ತದೆ. ನಾವು ಬರಿದೆಂದು ಬಗೆದ ಶೂನ್ಯದಲ್ಲಿಯೂ ಇಂಥದೇ ಮುರಿತವುಂಟೆಂದು 1961ರಲ್ಲಿ ತೋರಿಸಿದವರು ಯೋಇಚಿರೊ ನಾಂಬು. ನೊಬೆಲ್ ಪಾರಿತೋಷಿಕ ಅವರಿಗೆ ಬಂದದ್ದು 2008ರಲ್ಲಿ!

ಪ್ರೋಟಾನಿನೊಳಗಿನ ಕ್ವಾರ್ಕುಗಳನ್ನು ತಿರುಪುಮೊಳೆಗಳೆಂದು ಭಾವಿಸಿರಿ. ಕೆಲವು ಎಡಸುತ್ತಿನವು, ಕೆಲವು ಬಲಸುತ್ತಿನವು. ಅವಕ್ಕೆ ತೂಕವೇ ಇರದಿದ್ದರೆ ಎಡವು ಎಡವಾಗಿ, ಬಲವು ಬಲವಾಗಿ ಉಳಿಯುತ್ತಿದ್ದವು. ವಿಶ್ವ ಹುಟ್ಟಿ ಸೆಕೆಂಡಿನ ಲಕ್ಷದ ಒಂದೆರಡು ಪಾಲು ಕಳೆಯುವವರೆಗೆ, ಆ ಮಹಾತಾಪದಲ್ಲಿ, ಬಹುಮಟ್ಟಿಗೆ ಹಾಗೆಯೇ ಇದ್ದಿತು. ಆರುತ್ತ ಬಂದಂತೆ ಕ್ವಾರ್ಕು ಮತ್ತು ಪ್ರತಿಕ್ವಾರ್ಕುಗಳ ಜೋಡಿಗಳು ಶೂನ್ಯವನ್ನೇ ತುಂಬಿ ಎಡಬಲಗಳನ್ನು ಒಂದಕ್ಕೊಂದು ಹೆಣೆದವು. ಕ್ವಾರ್ಕಿನ ನಡೆ ಭಾರವಾಯಿತು. ಪ್ರೋಟಾನಿನ ತೂಕದಲ್ಲಿ ಕ್ವಾರ್ಕುಗಳ ಸ್ವಂತದ್ದು ನೂರಕ್ಕೆ ಒಂದರಷ್ಟು ಮಾತ್ರ. ಮಿಕ್ಕುದು ಅವುಗಳನ್ನು ಬಿಗಿದ ಶಕ್ತಿಯದು. ಅದರಲ್ಲಿ ಈ ಹೆಣಿಗೆಯ ಪಾತ್ರ ದೊಡ್ಡದು.

ಸೂಪರ್ ಕಂಪ್ಯೂಟರುಗಳಲ್ಲಿ ಲೆಕ್ಕ ಹಾಕಿದ ಅಂತರರಾಷ್ಟ್ರೀಯ ಬಳಗವೊಂದು 2019ರಲ್ಲಿ ಆ ತಾಪವನ್ನು ಪ್ರಕಟಿಸಿತು: ಸುಮಾರು 1.8 ಲಕ್ಷ ಕೋಟಿ ಡಿಗ್ರಿ. ಪೀಣ್ಯಕ್ಕೆ ಹತ್ತು ಕಿಲೋಮೀಟರಿನೊಳಗಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಸಾದ್ ಹೆಗ್ಡೆಯವರೂ ಆ ಬಳಗದಲ್ಲಿದ್ದರು. ಕಬ್ಬಿಣದಂತೆ ಅಲ್ಲಿ ಬದಲಾವಣೆ ಒಂದೇ ಗೆರೆಯಲ್ಲಿ ಆಗದು. ಬೆಣ್ಣೆ ಮೆತ್ತಗಾದಂತೆ ಮೆಲ್ಲಮೆಲ್ಲನೆ.

ಇಷ್ಟನ್ನೂ ಶಿಷ್ಯನಿಗೆ ಒಪ್ಪಿಸಿದೆ. ವಿಜ್ಞಾನಿಗಳು ‘ಕೈರಲ್ ಸಿಮೆಟ್ರಿ’ ಎನ್ನುವುದನ್ನು ನಾನು ‘ಎಡಬಲ ಸಮತೆ’ ಎಂದಿದ್ದೇನೆ ಎಂದೆ. ಆ ‘ಕೈರಲ್’ ಶಬ್ದದ ಗ್ರೀಕ್ ಮೂಲಕ್ಕೆ ಕೈ ಎಂದೇ ಅರ್ಥ. ನಮ್ಮ ‘ಕೈ’ಗೂ ಅದಕ್ಕೂ ನಂಟಿಲ್ಲ, ಆದರೂ ಕಿವಿಗೆ ಹಿತ.

ಆತನು ಅಂಗೈಯಲ್ಲಿ ಗಿಯರೊಂದನ್ನು ತೂಗಿ ನೋಡಿದನು. “ಹಾಗಾದರೆ ಇದರ ಭಾರ ಆರಿದ್ದರಿಂದ ಬಂದದ್ದೇ?”

“ಬಹುಪಾಲು.”

“ಸಮತೆ ಗಿಮತೆ ಬೇಡಿ ಮೇಷ್ಟ್ರೇ, ಲೆಫ್ಟ್ ಥ್ರೆಡ್, ರೈಟ್ ಥ್ರೆಡ್ ಎಂದು ಬರೆಯಿರಿ. ಶೆಡ್ಡಿನವರೂ ಓದಿಯಾರು” ಎಂದು ಇಕ್ಕಳ ಹಿಡಿದು ಕುಲುಮೆಯತ್ತ ನಡೆದನು.