ಉಪ್ಪು ಕೈಹಿಡಿದರೆ ಮಾತ್ರ ಸಕ್ಕರೆ ಒಳಗೆ

ನುಂಗಿದ ಅನ್ನ ಇನ್ನೂ ಮೈಯೊಳಗೆ ಬಂದಿಲ್ಲ ಅಂದರೆ ನಂಬುತ್ತೀರಾ? ಬಾಯಿಂದ ಶುರುವಾಗಿ ಹೊಟ್ಟೆ, ಕರುಳುಗಳಲ್ಲಿ ಸುತ್ತಿ ಹೊರಬೀಳುವ ಆ ಉದ್ದನೆಯ ಕೊಳವೆಯ ಪೊಳ್ಳು ನಿಜಕ್ಕೂ ಹೊರಜಗತ್ತೇ. ಅನ್ನವಾಗಲಿ ಮುದ್ದೆಯಾಗಲಿ, ಅದರ ಪಿಷ್ಟವನ್ನು ಜೊಲ್ಲು ಮತ್ತು ಮೇದೋಜೀರಕದ ಅಮೈಲೇಸ್ ಎಂಬ ಕಿಣ್ವ ಕತ್ತರಿಸುತ್ತದೆ. ಕರುಳಿನ ಅಂಚಿನಲ್ಲಿರುವ ಕಿಣ್ವಗಳು ಉಳಿದ ಕೊಂಡಿಗಳನ್ನೂ ಬಿಡಿಸಿ, ಬಿಡಿಬಿಡಿ ಗ್ಲೂಕೋಸ್ ಕಣಗಳನ್ನು ಸಣ್ಣ ಕರುಳಿನ ಗೋಡೆಯ ಮುಂದೆ ತಂದು ನಿಲ್ಲಿಸುತ್ತವೆ. ಅಷ್ಟೇ, ಮುಂದಕ್ಕೆ ದಾರಿಯಿಲ್ಲ! ಜೀವಕೋಶದ ಹೊದಿಕೆ ಕೊಬ್ಬಿನದು, ಗ್ಲೂಕೋಸಿಗೋ ನೀರೆಂದರೆ ಪ್ರಾಣ. ಕೊಬ್ಬಿನ ಪೊರೆಯನ್ನು ಅದು ತಾನಾಗಿ ದಾಟಲಾರದು. ಇನ್ನೂ ಸೋಜಿಗವೆಂದರೆ, ಕರುಳಲ್ಲಿ ಸಕ್ಕರೆ ತೀರಾ ಕಡಿಮೆಯಾಗಿ ಕೋಶದೊಳಗೇ ಹೆಚ್ಚಿರುವಾಗಲೂ ಕೊನೆಯ ಕಣದವರೆಗೆ ಒಳಕ್ಕೆ ಹೋಗುತ್ತಲೇ ಇರುತ್ತದೆ. ಕಡಿಮೆ ಇರುವಲ್ಲಿಂದ ಹೆಚ್ಚು ಇರುವಲ್ಲಿಗೆ! ಯಾರು ಎಳೆದುಕೊಳ್ಳುತ್ತಾರೆ?

1960ರ ಆಗಸ್ಟ್‌ನಲ್ಲಿ ಪ್ರಾಗ್ ನಗರದಲ್ಲಿ ನಡೆದ ವಿಜ್ಞಾನಿಗಳ ಸಭೆಯಲ್ಲಿ ಅಮೆರಿಕದ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ ಇದಕ್ಕೆ ಕೊಟ್ಟ ಉತ್ತರ ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಎಳೆಯುವುದು ಉಪ್ಪು! ಉಪ್ಪಿನಲ್ಲಿರುವ ಸೋಡಿಯಂ. ಕೋಶದ ಹೊರಗೆ ಸೋಡಿಯಂ ದಂಡಿಯಾಗಿದೆ, ಒಳಗೆ ಅದರ ಹತ್ತನೇ ಒಂದು ಪಾಲಿನಷ್ಟು. ಹಾಗಾಗಿ ಒಳಗೆ ಧುಮುಕಲು ಅದು ಸದಾ ಹವಣಿಸುತ್ತಿರುತ್ತದೆ. ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದರೆ ಭಾರದ ಕೊಡ ಇಳಿಯುತ್ತಾ ಇನ್ನೊಂದನ್ನು ಮೇಲೇರಿಸುವಂತೆ, ಒಳಕ್ಕಿಳಿಯುವ ಸೋಡಿಯಂ ಗ್ಲೂಕೋಸನ್ನೂ ಜೊತೆಗೆಳೆದುಕೊಂಡು ಬರುತ್ತದೆ. ಎರಡು ಸೋಡಿಯಂ, ಒಂದು ಗ್ಲೂಕೋಸ್. ಇವು ಬಂದು ಕೂತಾಗ ಪೊರೆಯಲ್ಲಿ ಹುದುಗಿರುವ ಪ್ರೋಟೀನ್ ತನ್ನ ಆಕಾರವನ್ನೇ ಬದಲಿಸಿ, ಹೊರಗಿನ ಬಾಯಿ ಮುಚ್ಚಿ, ಒಳಗಿನ ಬಾಯಿ ತೆರೆಯುತ್ತದೆ. ಸೋಡಿಯಂ ಬರದಿದ್ದರೆ ಗ್ಲೂಕೋಸ್ ಹೊರಗೇ ನಿಂತಿರಬೇಕು.

ಆ ಪ್ರೋಟೀನಿಗೆ ಈಗ ಎಸ್‌ಜಿಎಲ್‌ಟಿ1 ಎಂದು ಹೆಸರು. ಅದರ ಜೀನನ್ನು ಅರ್ನೆಸ್ಟ್ ರೈಟ್ ಅವರ ತಂಡ 1987ರಲ್ಲಿ ಕೈಗೆ ತಂದುಕೊಂಡಿತು, ಕ್ರೇನ್ ಹೇಳಿದ ಇಪ್ಪತ್ತೇಳು ವರ್ಷಗಳ ಮೇಲೆ! ಹೀಗೆ ಒಳಬಂದ ಸೋಡಿಯಂ ಅಲ್ಲೇ ಉಳಿದರೆ ಸೆಳೆತವೇ ಸತ್ತುಹೋಗುತ್ತದಲ್ಲ? ಅದಕ್ಕೆ ಕೋಶದ ಇನ್ನೊಂದು ಬದಿಯಲ್ಲಿ ಒಂದು ಪಂಪ್ ಹಗಲಿರುಳೂ ದುಡಿಯುತ್ತಿದೆ. ಕೋಶಕ್ಕೆ ಶಕ್ತಿ ಕೊಡುವ ಎಟಿಪಿಯ ಒಂದು ಕಣವನ್ನು ಖರ್ಚು ಮಾಡಿ ಮೂರು ಸೋಡಿಯಂ ಹೊರಕ್ಕೆ, ಎರಡು ಪೊಟ್ಯಾಸಿಯಂ ಒಳಕ್ಕೆ. 1957ರಲ್ಲಿ ಏಡಿಯ ನರಗಳಲ್ಲಿ ಇದನ್ನು ಕಂಡ ಡೆನ್ಮಾರ್ಕಿನ ಯೆನ್ಸ್ ಸ್ಕೋ ಅವರಿಗೆ ನೊಬೆಲ್ ಬಂದದ್ದು 1997ರಲ್ಲಿ. ಗ್ಲೂಕೋಸ್ ಮಾತ್ರ ಆ ಬದಿಯ ಬೇರೊಂದು ಪ್ರೋಟೀನಿನ ಮೂಲಕ ಸಲೀಸಾಗಿ ರಕ್ತಕ್ಕಿಳಿಯುತ್ತದೆ. ಸಕ್ಕರೆಯೂ ಉಪ್ಪೂ ಹೋದ ಕಡೆಗೆ ನೀರು ಹಿಂಬಾಲಿಸುತ್ತದೆ. ಕುಡಿದದ್ದು, ಜೊಲ್ಲು, ಜೀರ್ಣರಸ ಎಲ್ಲ ಸೇರಿ ದಿನಕ್ಕೆ 8–9 ಲೀಟರ್ ದ್ರವ ಕರುಳಿಗೆ ಬರುತ್ತದೆ. ಮಲದಲ್ಲಿ ಹೊರಹೋಗುವುದು ಅದರಲ್ಲಿ ಒಂದು ಲೋಟದಷ್ಟೂ ಅಲ್ಲ!

ಈಗ ಕಾಲರಾಕ್ಕೆ ಬನ್ನಿ. ನನ್ನನ್ನು ಬೆರಗಿನಲ್ಲಿ ಮುಳುಗಿಸುವುದು ಈ ಭಾಗ. ಕಾಲರಾದ ಬ್ಯಾಕ್ಟೀರಿಯಾ ಕರುಳಿಗೆ ವಿಷವೊಂದನ್ನು ಬಿಡುತ್ತದೆ ಎಂದು 1959ರಲ್ಲಿ ತೋರಿಸಿದವರು ಕೋಲ್ಕತ್ತದ ಶಂಭುನಾಥ್ ಡೇ. ಆ ವಿಷ ಕೋಶದೊಳಗಿನ ಒಂದು ಸ್ವಿಚ್ಚನ್ನು ಒತ್ತಿ ಹಾಗೇ ಕಚ್ಚಿಸಿಬಿಡುತ್ತದೆ. ಕ್ಲೋರೈಡ್ ಕರುಳೊಳಗೆ ಸುರಿಯುತ್ತದೆ, ಬೆನ್ನಿಗೆ ಸೋಡಿಯಂ, ಅದರ ಬೆನ್ನಿಗೆ ನೀರು. ರೋಗ ಜೋರಾದವರಲ್ಲಿ ಗಂಟೆಗೆ ಒಂದು ಲೀಟರಿನಷ್ಟು ಭೇದಿ! ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದವರು ಸಂಜೆಗೆ ಇಲ್ಲ. ಬರೀ ನೀರು ಕುಡಿಸಿದರೆ ನಿಲ್ಲುವುದಿಲ್ಲ, ಬರೀ ಉಪ್ಪು ನೀರೂ ನಿಲ್ಲುವುದಿಲ್ಲ. ಆದರೆ ಇಷ್ಟೆಲ್ಲ ಹಾವಳಿಯ ನಡುವೆಯೂ ಆ ವಿಷ ಒಂದನ್ನು ಮುಟ್ಟುವುದೇ ಇಲ್ಲ. ಉಪ್ಪೂ ಸಕ್ಕರೆಯೂ ಜೋಡಿಯಾಗಿ ಬಂದರೆ ಒಳಬಿಡುವ ಆ ಪ್ರೋಟೀನು ಕಾಲರಾದ ನಟ್ಟನಡುವೆಯೂ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತದೆ!

1968ರಲ್ಲಿ ಢಾಕಾದಲ್ಲಿ ಡೇವಿಡ್ ನೇಲಿನ್, ರಿಚರ್ಡ್ ಕ್ಯಾಶ್ ಎಂಬ ಇಬ್ಬರು ಯುವ ವೈದ್ಯರು ಗ್ಲೂಕೋಸ್ ಬೆರೆಸಿದ ಉಪ್ಪು ನೀರನ್ನು ರೋಗಿಗಳಿಗೆ, ಹೊರಹೋದಷ್ಟನ್ನೂ ಲೆಕ್ಕವಿಟ್ಟು, ಕುಡಿಸಿದರು. ರಕ್ತನಾಳಕ್ಕೆ ಏರಿಸಬೇಕಿದ್ದ ದ್ರವ ಐದರಲ್ಲಿ ನಾಲ್ಕು ಪಾಲು ಉಳಿಯಿತು. ಆದರೂ ಬಹಳ ವೈದ್ಯರಿಗೆ ನಂಬಿಕೆಯಿಲ್ಲ. ಇದೆಲ್ಲ ದೊಡ್ಡ ಆಸ್ಪತ್ರೆಯಲ್ಲಿ, ನುರಿತವರ ಕಣ್ಗಾವಲಿನಲ್ಲಿ ಸಾಧ್ಯ, ಬಯಲಿನಲ್ಲಿ ನಡೆಯದು ಎಂಬ ಅನುಮಾನ.

1971. ಪೂರ್ವ ಪಾಕಿಸ್ತಾನದಲ್ಲಿ ಯುದ್ಧ. ಗಡಿ ದಾಟಿ ಬಂದ ಲಕ್ಷಾಂತರ ನಿರಾಶ್ರಿತರು, ಬಂಗಾಳದ ಬನಗಾಂವ್, ಮಳೆಗಾಲ, ಕಾಲರಾ. ಹಾಸಿಗೆ ಸಾಲದೆ ರೋಗಿಗಳು ನೆಲದ ಮೇಲೆ, ಹೇಸಿಗೆಯ ನಡುವೆಯೇ ಮಲಗಿದ್ದರು. ಸಲೈನ್ ಬಾಟಲಿಗಳು ಮುಗಿದವು. ಕೋಲ್ಕತ್ತದಿಂದ ಬಂದಿದ್ದ ಡಾ. ದಿಲೀಪ್ ಮಹಲನಬೀಸ್ ಆಗ ಮಾಡಿದ್ದೇನು ಗೊತ್ತೇ? ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡ. ಕೋಲ್ಕತ್ತದಲ್ಲಿ ಪೊಟ್ಟಣ ಕಟ್ಟಿಸಿ ತರಿಸಿದರು, ಡ್ರಮ್ಮುಗಳಲ್ಲಿ ಕಲಸಿದರು, ಲೋಟವನ್ನು ರೋಗಿಗಳ ತಾಯಿ, ಅಣ್ಣ, ಗಂಡನ ಕೈಗೇ ಕೊಟ್ಟರು! ನೂರಕ್ಕೆ 30ರ ಆಸುಪಾಸಿನಲ್ಲಿದ್ದ ಸಾವು ಅವರ ಆರೈಕೆಯಲ್ಲಿದ್ದವರಲ್ಲಿ ನೂರಕ್ಕೆ 3.6ಕ್ಕೆ ಇಳಿಯಿತು. ಅನುಮಾನಕ್ಕೆ ಇನ್ನೆಲ್ಲಿ ಜಾಗ? ಕರುಳಲ್ಲಿ ಸೋಡಿಯಂ, ಗ್ಲೂಕೋಸ್ ಜೋಡಿಯಾಗಿ ಒಳಹೋಗುತ್ತವೆ ಎಂಬ ಅರಿವು ಈ ಶತಮಾನದ ಅತಿ ಮುಖ್ಯ ವೈದ್ಯಕೀಯ ಪ್ರಗತಿಯಾಗಬಹುದು ಎಂದು 1978ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಸಂಪಾದಕೀಯ ಹೇಳಿತು. ಭಾರತ ಮಹಲನಬೀಸರಿಗೆ ಪದ್ಮವಿಭೂಷಣ ಕೊಟ್ಟದ್ದು 2023ರಲ್ಲಿ, ಅವರು ತೀರಿಕೊಂಡ ಮೇಲೆ. ಇದು ಬಹಳ ತಡವಾಯಿತು.

ಆಮೇಲೆ ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆಯ ಹೆಣ್ಣುಮಕ್ಕಳು 1980ರಿಂದ ಹತ್ತು ವರ್ಷ ಹಳ್ಳಿ ಹಳ್ಳಿ ನಡೆದು, ಒಂದು ಕೋಟಿಗೂ ಹೆಚ್ಚು ಮನೆಗಳ ತಾಯಂದಿರಿಗೆ ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರಿನ ಹದ ಕಲಿಸಿದರು. ನಮ್ಮಲ್ಲಿ ಭೇದಿಯಾದವರಿಗೆ ಉಪ್ಪು ಹಾಕಿದ ತೆಳು ಗಂಜಿ ಕುಡಿಸುತ್ತಾರಲ್ಲ, ಅದೂ ಇದೇ ದಾರಿಯದು. ಗಂಜಿಯ ಪಿಷ್ಟ ಕರುಳಲ್ಲಿ ಗ್ಲೂಕೋಸಾಗಿ, ಆ ಚಿಟಿಕೆ ಉಪ್ಪಿನ ಜೊತೆ ಅದೇ ಪ್ರೋಟೀನಿನ ಮೂಲಕ ಒಳಹೋಗುತ್ತದೆ.

ಎಲ್ಲವೂ ಹದದಲ್ಲಿದೆ. ಈ ಉಪ್ಪು-ಸಕ್ಕರೆ ನೀರಿಗೆ, ಅಂದರೆ ಓಆರ್‌ಎಸ್‌ಗೆ, 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಿದ್ದಿ ಕೊಟ್ಟ ಸೂತ್ರದಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟ್. ಕಣಗಳ ಲೆಕ್ಕದಲ್ಲಿ ಸೋಡಿಯಂ ಎಷ್ಟೋ ಗ್ಲೂಕೋಸೂ ಅಷ್ಟೇ! ಸಕ್ಕರೆ ಅತಿಯಾದರೆ ಒಳಹೋಗದೆ ಉಳಿದದ್ದು ಮೈಯ ನೀರನ್ನೇ ಕರುಳಿಗೆ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಆದ್ದರಿಂದ ಮಗುವಿಗೆ ಭೇದಿಯಾದಾಗ ಸಿಹಿ ಜ್ಯೂಸು, ತಂಪು ಪಾನೀಯ ಕೊಡಬೇಡಿ. ಓಆರ್‌ಎಸ್ ಪೊಟ್ಟಣ ಮನೆಯಲ್ಲಿ ಸದಾ ಇರಲಿ. ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟೇ ಕುದಿಸಿ ಆರಿಸಿದ ನೀರಿಗೆ ಇಡೀ ಪೊಟ್ಟಣ ಸುರಿಯಿರಿ. ಅರ್ಧ ಪೊಟ್ಟಣ, ಅಂದಾಜು ನೀರು ಬೇಡ. ವಾಂತಿಯಾದರೂ ಬಿಡದೆ ಸ್ವಲ್ಪ ಸ್ವಲ್ಪವಾಗಿ ಕುಡಿಸಿ. ಮಗು ಮಂಕಾದರೆ, ಕುಡಿಯಲಾರದೆ ಹೋದರೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.